ದ್ವೆ

ಕಿಸುಮುವಿನಲ್ಲಿ ಶನಿವಾರ, ಸಂಜೆ ಐದೂವರೆ.
ಮೂರನೇ ಮಹಡಿ. ಪ್ರೊಜೆಕ್ಟರಿನ ಬೆಳಕಿಗೆ
ಸರೋವರದ ಕಡೆಯಿಂದ ನುಸಿಗಳು ಮುತ್ತಿ
ಅಂಕಿಗಳ ನಡುವೆ ಅಂಕಿಗಳಾಗಿ ಕೂತಿವೆ.
ಒಗ್ವೆನೋ ಮೇಷ್ಟ್ರು ಅಂಗೈಯಲ್ಲೇ ಪರದೆ ಒರೆಸುತ್ತಾರೆ:
"ಇದು ದಶಮಾಂಶದ ಚುಕ್ಕೆಯಲ್ಲ, ಹುಳ."

ಯಾರೂ ನಗುವುದಿಲ್ಲ. ಎಂಬಿಎ ಎರಡನೇ ವರ್ಷ.
ಹಗಲಿಡೀ ಬ್ಯಾಂಕು, ವಿಮೆ, ಸಿಮೆಂಟು ಅಂಗಡಿಯ ಲೆಕ್ಕ;
ಲಾಭವೆಂದರೆ ಗೊತ್ತು, ನಷ್ಟವೆಂದರೆ ಇನ್ನೂ ಚೆನ್ನಾಗಿ ಗೊತ್ತು.
ಆವರಣವೊಂದು ಮುಚ್ಚದೆ ಬಿಟ್ಟರೆ
ಕೆಂಪಕ್ಷರದಲ್ಲಿ ಗದರುವ ಈ 'ಆರ್' ಮಾತ್ರ
ಮದುವೆಯಾಗಿ ಬಂದ ವಾರದ ಅತ್ತೆ.

ಇವತ್ತಿನ ಡೇಟಾ: ಡುಂಗಾ ದಡದ
ಇನ್ನೂರ ಹನ್ನೆರಡು ಹೆಂಗಸರು. ಒಮೆನಾ ಮೀನು,
ಬೆರಳುದ್ದದ ಬೆಳ್ಳಿ, ಒಣಗಿಸಿ ಮಾರುವವರು.
ದಿನಕ್ಕೆ ಎಷ್ಟು ಶಿಲಿಂಗು, ಯಾರಿಗೆ ಕೊಟ್ಟ ಸಾಲ
ತಿರುಗಿ ಬಂದೀತು, ಮಾಡೆಲ್ ಹೇಳಬೇಕು.

ನಡುನಡುವೆ ಖಾಲಿ ಮನೆಗಳು. ಅಲ್ಲೆಲ್ಲ ಆರ್
ಎರಡಕ್ಷರ ಇಟ್ಟು ಸುಮ್ಮನಾಗುತ್ತದೆ: ಎನ್, ಎ.
ಸಿಗಲಿಲ್ಲ, ಕೇಳಲಿಲ್ಲ, ತಿಳಿಯದು, ಏನೂ ಇರಬಹುದು.
ನನ್ನ ಕನ್ನಡದ ಕಣ್ಣು ಕೂಡಿಸಿ ಓದುತ್ತದೆ: ನಾ.
ಸಾಲುಗಟ್ಟಿ ನಾ, ನಾ, ನಾ,
ಹೆಸರು ಕೂಗಿದಾಗ ಬಾಯಿ ತೆರೆಯದ ಇಷ್ಟು ಜನ.

"ಸೊನ್ನೆ ಹಾಕಿ," ಎಂದ ಕಿಪ್ರೊನೊ. ಹಾಕಿದರು.
ನೂರ ಎಂಬತ್ತು ಹೆಂಗಸರು ಒಂದೇ ಏಟಿಗೆ ಸೋಮಾರಿಗಳಾದರು.
"ಸರಾಸರಿ ತುಂಬಿ," ಎಂದಳು ವಿಮೆಯ ನೆಕೇಸಾ. ತುಂಬಿದರು.
ಗೆರೆ ನುಣ್ಣಗಾಯಿತು, ಇಸ್ತ್ರಿ ಮಾಡಿದ ಹಾಗೆ.
"ಸಾಲನ್ನೇ ಅಳಿಸಿದರೆ ಸಾಲದ ತಲೆನೋವೂ ಇಲ್ಲ,"
ಯಾರೋ ಅಂದರು. ಹತ್ತೇ ಅಕ್ಷರದ ಕೋಡು.
ಮಾಡೆಲ್ ಥಳಥಳ. ಶೇಕಡಾ ತೊಂಬತ್ತೊಂದು.
ಹಿಂದಿನ ಬೆಂಚು ಚಪ್ಪಾಳೆ ತಟ್ಟಿತು.

ಆಗ ಅಪೊಂಡಿ, ಯಾವತ್ತೂ ಕೈ ಎತ್ತದವಳು,
ಎತ್ತದೆಯೇ ಹೇಳಿದಳು:
"ಅವು ಬೆಳದಿಂಗಳ ದಿನಗಳು, ಸರ್."

ಏನು?

"ಕತ್ತಲಲ್ಲಿ ದೋಣಿಯವರು ದೀಪ ತೇಲಿಬಿಡುತ್ತಾರೆ,
ದೀಪಕ್ಕೆ ಒಮೆನಾ ಬರುತ್ತದೆ. ಹುಣ್ಣಿಮೆಯ ಆಚೀಚೆ
ನೀರೆಲ್ಲ ಬೆಳಕು; ಸೀಮೆಎಣ್ಣೆಯ ಚೂರು ಬೆಂಕಿಯನ್ನು
ಯಾವ ಮೀನು ನಂಬುತ್ತದೆ?
ಬಲೆ ದಡದಲ್ಲಿ. ಅಮ್ಮ ಅವತ್ತು ಬಟ್ಟೆ ಒಗೆಯುತ್ತಾಳೆ,
ಜಡೆ ಹೆಣೆಸಿಕೊಳ್ಳುತ್ತಾಳೆ, ಸಾವಿನ ಮನೆಗೆ ಹೋಗಿಬರುತ್ತಾಳೆ.
ಲೆಕ್ಕ ಬರೆದುಕೊಳ್ಳಲು ಬಂದ ಹುಡುಗನಿಗೆ
ಬಾಗಿಲಲ್ಲಿ ಯಾರೂ ಸಿಗುವುದಿಲ್ಲ."

ನುಸಿ ಒರೆಸಲು ಎತ್ತಿದ ಕೈ ಹಾಗೇ ನಿಂತಿತು.
"ಬಾ. ಹೊಸ ಕಾಲಂ ಬರಿ."
ಅಪೊಂಡಿ ಟೈಪ್ ಮಾಡಿದಳು: ದ್ವೆ.
ಲುಓ ಮಾತಿನಲ್ಲಿ ಚಂದ್ರನೂ ಅದೇ, ಮಾಸವೂ ಅದೇ,
ನಮ್ಮ ತಿಂಗಳಿನ ಹಾಗೆ.
ಬ್ಯಾಂಕಿನ ತಿಂಗಳು ಐದನೇ ತಾರೀಕಿಗೆ ಮೊಳೆ ಹೊಡೆದು ನಿಂತಿದೆ.
ದಡದ ತಿಂಗಳು ಒಂದೊಂದೇ ದಿನ
ಕ್ಯಾಲೆಂಡರಿನಿಂದ ಜಾರುತ್ತ ಹೋಗುತ್ತದೆ.

ಓಡಿಸಿದರು. ಗೆರೆ ಏರಿತು, ಇಳಿಯಿತು, ಮತ್ತೆ ಏರಿತು.
ಶೇಕಡಾ ಎಪ್ಪತ್ತೆಂಟು.
"ಕಡಿಮೆಯಾಯಿತಲ್ಲ ಸರ್!" ಕಿಪ್ರೊನೊ.
"ಆಯಿತಲ್ಲವೆ," ಎಂದರು ಮೇಷ್ಟ್ರು, ಮೊದಲ ಸಲ ಖುಷಿಯಾಗಿ.

ಚೀಲ ಹೆಗಲಿಗೇರಿಸುತ್ತ ಅಪೊಂಡಿ
ಚಪ್ಪಲಿಗೆ ಹೇಳುವಂತೆ ಹೇಳಿದಳು:
"ಇನ್ನೆರಡು ವಾರಕ್ಕೆ ನಾನು ಬರಲ್ಲ. ಕತ್ತಲ ವಾರ.
ಮೀನು ಹರವಲು ಕೈ ಸಾಲದು."

ಎಲ್ಲ ಇಳಿದು ಹೋದ ಮೇಲೆ, ಫ್ಯಾನು ಆರಿಸುವ ಮುಂಚೆ,
ಮೇಷ್ಟ್ರು ಹಾಜರಿ ಪುಸ್ತಕ ಬಿಚ್ಚಿದರು.
ಅವಳ ಸಾಲು. ಮೂರು ಟಿಕ್ಕು, ಒಂದು ಸೊನ್ನೆ.
ಮೂರು ಟಿಕ್ಕು, ಸೊನ್ನೆ. ನಡುವೆ ಒಮ್ಮೆ ನಾಲ್ಕು.
ಮೊಬೈಲಿನಲ್ಲಿ ಅಮಾವಾಸ್ಯೆಗಳನ್ನು ತೆಗೆದು
ಬೆರಳಿಟ್ಟು ಎಣಿಸಿದರು, ಜನವರಿಯಿಂದ.

ತಾವೇ ಗುಂಡಗೆ ತಿದ್ದಿ ಬರೆದ ಸೊನ್ನೆಗಳು.
ಕೆಂಪು ಶಾಯಿ. ರಬ್ಬರಿಗೆ ಹೋಗುವಂಥದ್ದಲ್ಲ.