ಹೊರಗೆ ತೆರೆಯುವ ಕಿಟಕಿ

ಬದಿಯಡ್ಕದ ಮೇಲಿನ ಪೇಟೆ, ಮಾಳಿಗೆಯಲ್ಲಿ ನನ್ನ ಡಿಟಿಪಿ ಅಂಗಡಿ.
ಅಕ್ಷರ ಜೋಡಿಸುವ ಹಳೇ ತಂತ್ರಾಂಶ ತೆರೆದರೆ
ಕೆಳಪಟ್ಟಿಯಲ್ಲಿ ಹೆಸರುಂಟು,
ಪರದೆಯಲ್ಲಿ ಆಳಿಲ್ಲ.

ಬಲಕ್ಕೆ ಇನ್ನೊಂದು ಮಾನಿಟರ್ ಇತ್ತು,
ಬಾಡಿಗೆ ಬಾಕಿಗೆ ಮಾರಿದೆ.
ಇದಕ್ಕೆ ಯಾರೂ ಹೇಳಲಿಲ್ಲ.
ಈಗಲೂ ಅಲ್ಲಿಗೇ ಹೋಗಿ ಬಿಚ್ಚಿಕೊಳ್ಳುತ್ತದೆ,
ಅದೇ ಅಗಲ, ಅದೇ ಎತ್ತರ,
ಗೋಡೆಯೊಳಗೆ, ಬ್ಯಾಂಕಿನ ಕ್ಯಾಲೆಂಡರಿನ ಹಿಂದೆ ಎಲ್ಲೋ.

"ಮಲಯಾಳದ್ದು ಬಂತಲ್ಲ, ಕನ್ನಡದ್ದು ಎಲ್ಲಿ?"
ಮದುವೆ ಕಾಗದಕ್ಕೆ ಬಂದ ಕುಂಞಣ್ಣ ಮಣಿಯಾಣಿ
ಕನ್ನಡಕ ಒರೆಸುತ್ತಾರೆ.

ಉಂಟು, ನಿಲ್ಲಿ.
ಆಲ್ಟ್, ಸ್ಪೇಸ್, ಎಮ್.
ಎಡಬಾಣ ಒತ್ತಿ ಹಿಡಿಯುತ್ತೇನೆ,
ಬಾವಿಗೆ ಬಿದ್ದ ಕೊಡಪಾನಕ್ಕೆ
ಪಾತಾಳಗರಡಿ ಆಡಿಸಿದ ಹಾಗೆ.
ಸಿಕ್ಕಿತೋ ಇಲ್ಲವೋ ಕೈಗೆ ಮಾತ್ರ ಗೊತ್ತು.

ಬಲದಂಚಿನಲ್ಲಿ ಮೊದಲು ಒಂದು ಬೂದು ಗೆರೆ.
ಆಮೇಲೆ ಚಿ,
ಆಮೇಲೆ ಸೌ,
ಹಿಂದೆಯೇ, ಮೆಲ್ಲ, ಹುಡುಗಿ.