ಹತ್ತೊಂಬತ್ತು ಸಲ ನಪಾಸು

ನೋಡ್ರಿ, ನಾ ಈ ಬಾಲವಾಡ್ಯಾಗ
ಹತ್ತೊಂಬತ್ತು ಸಲ ನಪಾಸಾದಾಕಿ.
ನನ್ನ ಕೂಡ ಚಾಪಿ ಮ್ಯಾಲೆ ಕುಂತವರೆಲ್ಲಾ ಮುಂದ ಹೋದ್ರು.
ಒಬ್ಬಾಕಿ ಬಾಗಲಕೋಟಿ ದವಾಖಾನ್ಯಾಗ ನರ್ಸ್.
ಒಬ್ಬಾವ ಮಗ್ಗದ ಕುಣಿಯಾಗ ಇಳದಾನ, ನನಗ ಖಣ ಮಾರ್ತಾನ,
ರೇಟು ಮಾತ್ರ ಒಂದು ರೂಪಾಯಿ ಇಳಸಂಗಿಲ್ಲ.
ನಾ ಇನ್ನೂ, ಅ ಅಂದ್ರ ಅಗಸಿ,
ಅಗಸಿ ಬಾಗಿಲದಾಗನ ನಿಂತೀನಿ.

ಜೂನಿನ ಮೊದಲನೇ ವಾರ ಬರೇ ಅಳು.
ಗುಳೇದಗುಡ್ಡದ ಅರ್ಧ ಊರಿಗೆ ಕೇಳಸತೈತಿ.
ಸಂಗನಬಸು ಕಿಡಕಿ ಸರಳ ಹಿಡಕೊಂಡು
"ನಮ್ಮವ್ವ ಅಲ್ಲೆ ಅದಾಳ" ಅಂತ
ಬೇವಿನ ಗಿಡಕ್ಕ ಬೆರಳು ಮಾಡ್ತಾನ.
ಗಿಡದ ಹಿಂದ ಖರೇನ ಅವ್ವ ಅದಾಳ,
ಸೆರಗು ಬಾಯಾಗ ತುರುಕ್ಕೊಂಡು ಅಳಾಕತ್ತಾಳ.
ಆಕಿಗೂ ಅಕ್ಷರ ನಾನ ಕಲಿಸಿದ್ದು.
ಆಗೂ ಇದ ಕಿಡಕಿ, ಇದ ಅಳು.

ಮಣ್ಣೆತ್ತಿನ ಅಮಾಸಿಗೆ ತಾನ ನಿಂದ್ರತೈತಿ,
ಕೈಗೆ ಕೆಲಸ ಸಿಗತೈತಲ್ಲ.
ದಾವಲ ಮಾಡಿದ ಎತ್ತಿಗೆ ಐದು ಕಾಲು.
ಒಂದು ಹೆಚ್ಚಾತಲ್ಲೋ ತಮ್ಮಾ ಅಂದ್ರ
"ಅದು ಸ್ಟೆಪ್ನಿ ರೀ ಅಕ್ಕಾರ" ಅಂದ.
ಅವರಪ್ಪ ಟೆಂಪೊ ಹೊಡೀತಾನ.

ಮಧ್ಯಾಹ್ನ ಮಲಗಸೂದೊಂದು ಕತಿ ಕೇಳ್ರಿ.
ನೇಕಾರ ಮನಿ ಕೂಸುಗೋಳು,
ತೊಟ್ಟಿಲದಾಗಿಂದ ಮಗ್ಗದ ಸಪ್ಪಳಕ್ಕ ನಿದ್ದಿ ಮಾಡಿದವು.
ಗಪ್ಪಂತ ಇದ್ದಲ್ಲೆ ಅವಕ್ಕ ನಿದ್ದಿ ಹತ್ತೂದಿಲ್ಲ,
ಹೆದರಿಕಿ ಹತ್ತತೈತಿ.
ಅದಕ್ಕ ನಾ ಡಸ್ಟರ್ ತಗೊಂಡು ಟೇಬಲ್ಲಿಗೆ ಬಡೀತೀನಿ,
ಖಟಕ್ ಪಟಕ್ ಖಟಕ್ ಪಟಕ್,
ಲಾಳಿ ಅತ್ತ ಹೋಗಿ ಇತ್ತ ಬಂದಂಗ.
ಒಂದ್ಸಲ ತಪಾಸಣಿಗೆ ಬಂದ ಸಾಹೇಬ್ರು ಹೊಸ್ತಿಲದಾಗ ನಿಂತು
"ಹುಡುಗರು ಮಲಗ್ಯಾವ, ಇದೇನ್ರಿ ಗದ್ದಲ?" ಅಂದ್ರು.
ಕೈ ನಿಲ್ಲಿಸಿದೆ.
ಇಪ್ಪತ್ತೆರಡೂ ಎದ್ದು ಕುಂತ್ವು.

ದಸರಾದಾಗ ನೀಲಾಂಬಿಕಾ ಮುಟಗಿ ಬಿಚ್ಚಿದಳು,
ಬೆವತು ಬಾಡಿದ ನಾಕು ಬನ್ನಿ ಎಲಿ.
"ಫೀ ಬರೂ ತಿಂಗಳ ಕೊಡ್ತಾನಂತ್ರಿ ಅಪ್ಪ,
ಈಗ ಬಂಗಾರ ತಗೋರಿ."
ಪಾವತಿ ಪುಸ್ತಕದಾಗ ಆಕಿ ಹೆಸರಿನ ಮುಂದ ಇಟ್ಟೆ.
ಬಂಗಾರದಂಗ ಇರು ಅಂದೆ.
ಲೆಕ್ಕ ಕೂಡಸುಮುಂದ ಹೆಡ್‌ಬಾಯಿಯವ್ರು ಎಲಿ ನೋಡಿದ್ರು,
ನನ್ನ ನೋಡಿದ್ರು,
ಹಾಳಿ ಹೊಳ್ಳಿಸಿದ್ರು.

ಎಣಿಕಿ ಕಲಸಾಕ ನನಗ ಸಂಕ್ರಾಂತಿನ ಬರಬೇಕು.
ಒಬ್ಬೊಬ್ಬರಿಗೆ ಹತ್ತತ್ತು ಕುಸರೆಳ್ಳು.
ಏಳರ ಮಟಾ ಎಣಸ್ತಾವ, ಉಳಿದ ಮೂರು ಬಾಯಾಗ.
ಕೂಡಸೂದಕ್ಕ ಆರು ತಿಂಗಳು ಬೇಕು,
ಕಳಿಯೂದು ಹೇಳಿಕೊಡದನ ಬರತೈತಿ.

ಆಮ್ಯಾಲೆ ಗ್ಯಾದರಿಂಗು.
ಸಂಗನಬಸುಗ ಗಿಡದ ಪಾರ್ಟು ಕೊಟ್ಟಿದ್ದೆ.
ಮಾತಿಲ್ಲ, ಕುಣಿತಿಲ್ಲ, ಸುಮ್ಮ ನಿಂದ್ರೂದಷ್ಟ.
ಪರದೆ ಎದ್ದದ್ದ ತಡ ಮೂರನೇ ಸಾಲಿನ್ಯಾಗ ಅವ್ವನ್ನ ಕಂಡ.
ಮೈಕಿನ್ಯಾಗ ನಾನು "ದಟ್ಟವಾದ ಕಾಡು" ಅನ್ನೂದರಾಗ
ಗಿಡ ಸ್ಟೇಜಿಂದ ಕುಂಡಿ ಜಾರಿಸ್ಕೊಂತ ಇಳದು,
ದೊಡ್ಡ ದೊಡ್ಡ ಮಂದಿ ಕಾಲು ತುಳದು ಹೋಗಿ,
ಟೊಂಗಿ ಎಲಿ ಸಮೇತ
ಅವ್ವನ ಉಡಿಯಾಗ ಕುಂತ್ಬಿಡ್ತು.
ಜನ ನಕ್ರು. ಆಕಿ ನಗಲಿಲ್ಲ,
ಅವನ ಕೊಳ್ಳಾಗಿನ ದಾರ ಬಿಗಿಯಾಗಿತ್ತು, ಸಡಿಲ ಮಾಡಿದಳು.

ಹೋಳಿ ಹಲಗಿ ಬಡದ ಮರುದಿನ
ಹಾಜರಿ ಪುಸ್ತಕಕ್ಕೂ ಹಸಿರು ಬೆರಳು ಹತ್ತಿರತಾವ.
ಅಷ್ಟರಾಗ ಮುಗೀತು ವರ್ಷ.
ಚಾಕಲೇಟ ಕೊಡ್ತೀನಿ, ಸಾಲಾಗಿ ಹೋಗ್ತಾವ,
ಯಾರೂ ಹೊಳ್ಳಿ ನೋಡೂದಿಲ್ಲ.
ನೋಡದಿದ್ರನ ಪಾಸು.

ಮೇ ತಿಂಗಳ ಮಧ್ಯಾಹ್ನ ಮನ್ಯಾಗ ಅಡ್ಡಾಗಿರ್ತೀನಿ.
ಓಣಿ ತುಂಬ ಪಾವರ್‌ಲೂಮು.
ಒಮ್ಮಿಂದೊಮ್ಮೆಲೆ ಕರೆಂಟ್ ಹೋಗಿ
ಊರಿಗೂರ ಗಪ್ಪಾಗತೈತಿ.
ನಾ ಎದ್ದು ಕುಂದರ್ತೀನಿ.
ಗ್ವಾಡಿ ಆಚೆ, ಓಣಿ ಆಚೆ,
ಯಾವ್ಯಾವ ಮನ್ಯಾಗ
ಇಪ್ಪತ್ತೆರಡೂ ಈಗ ಕಣ್ಣು ತಿಕ್ಕೊಂತ
ಎದ್ದು ಕುಂತಿರಬೇಕು.