ಹಲ್ಲಿನ ಲೆಕ್ಕ

ಬೇಲೇಕೇರಿಯಲ್ಲಿ ಐಸು ಹೇರಿ ಹೊರಟರೆ
ಅರಬೈಲು ಘಟ್ಟ ಮೊದಲೆಲ್ಲ ಮೂರನೇ ಗೇರಿನ ಮಾತು.
ಈಗ ಎರಡರಲ್ಲೂ ಏದುಸಿರು.
ಬೆನ್ನ ಮೇಲೆ ನಲವತ್ತು ಬುಟ್ಟಿ ಬಂಗಡೆ,
ಕರಗಿದ ನೀರು ಮೂಲೆಯಿಂದ ತೊಟ್ಟಿಕ್ಕಿ
ನಾನು ತೆವಳಿದ ದಾರಿಗೆಲ್ಲ ಗುರುತು ಹಾಕುತ್ತಿತ್ತು.

ಅದಿರಿನ ಲಾರಿಗಳು ದಾಟಿದವು.
ಸಿಲಿಂಡರಿನ ಲಾರಿ ದಾಟಿತು.
ಕೊನೆಗೆ ಹುಲ್ಲು ಹೇರಿದ ಒಂದು ಮುದಿ ಟೆಂಪೊ;
ಅದರ ಕ್ಲೀನರ್ ಹುಡುಗ ಕೈಬೀಸಿ ನಕ್ಕ.

ಹೆಸರಿಗೆ ನಾನು ಜಟ್ಟಿ.

ತಪ್ಪು ಯಾರದೆಂದು ಗೊತ್ತಿತ್ತು, ಒಪ್ಪಿರಲಿಲ್ಲ.
ಹುಬ್ಬಳ್ಳಿಯಲ್ಲಿ ಅಗ್ಗಕ್ಕೆ ಸಿಕ್ಕಿದ ನಾಲ್ಕು ಟೈರು,
ಮೊಸಳೆ ಬೆನ್ನಿನಂಥ ಕಚ್ಚು.
ಹಾಕಿಸಿಕೊಂಡು ಬಂದರಿಗೆ ಬಂದ ದಿನ
ಗಾಡಿ ಎರಡು ಬೆರಳು ಎತ್ತರವಾಗಿತ್ತು,
ನಾನು ಒಂದು ಗೇಣು.
ಬುಟ್ಟಿ ಏರಿಸಲು ಹೋದ ಮಂಕಾಳಿ
ಹಿಮ್ಮಡಿ ಎತ್ತಿ, ಮತ್ತೆ ಇಳಿಸಿ,
“ಎಂತದಿದು, ಮೀನಿಗೆ ಮಾಳಿಗೆ ಕಟ್ಟಿಸಿದ್ಯಾ?” ಅಂದಳು.

ಫಿಲ್ಟರ್ ಬದಲಿಸಿದೆ. ನಾಜಲ್ ತೊಳೆಸಿದೆ.
ಟರ್ಬೊ ಮೇಲೆ ಗುಮಾನಿ ಬಂತು, ಬಂಕಿನವನ ಮೇಲೂ.
ಒಂದು ತೆಂಗಿನಕಾಯಿ ಒಡೆದೆ.
ಚಟ್ನಿಗೆ ಚೆನ್ನಾಗಿತ್ತು.

ಯಲ್ಲಾಪುರದ ಜುಜೆ ಸಿದ್ದಿ ಬಾನೆಟ್ಟು ಎತ್ತಲೇ ಇಲ್ಲ.
ಟೈರಿನ ಬದಿಗೆ ಸೀಮೆಸುಣ್ಣದ ಗೀಟು ಹಾಕಿ
ಸರಿಯಾಗಿ ಒಂದು ಸುತ್ತು ತಳ್ಳಿಸಿದ.
ಹಳೇ ಸ್ಟೆಪ್ನಿಯನ್ನೂ ಪಕ್ಕದಲ್ಲೇ ಒಂದು ಸುತ್ತು ಉರುಳಿಸಿದ.
ನೆಲದ ಮೇಲೆ ಎರಡು ಗೀರು.
ನಡುವಿನ ಜಾಗದಲ್ಲಿ ನನ್ನ ಚಪ್ಪಲಿ ಇಡಿಸಿದ.
ಹಿಡಿಯಿತು.

“ಇಂಜಿನಿಗೆ ಎಂತದೂ ಆಗ್ಲಿಲ್ಲ ಮಾರಾಯ.
ಅದೇ ಉಸಿರು, ಅದೇ ರಟ್ಟೆ.
ನೀನು ಸುತ್ತು ಸುತ್ತಿಗೂ ಒಂದು ಚಪ್ಪಲಿಯಷ್ಟು
ಹೆಚ್ಚು ನಡಿ ಅಂತಿದ್ದೆ, ಅಷ್ಟೆ.”

ಮೀಟರು ನಲವತ್ತು ಅಂದಾಗ
ನಾನು ಓಡುತ್ತಿದ್ದುದು ನಲವತ್ತೈದು.
ಅದು ನೂರು ಬರೆದಾಗ
ಸವೆಸಿದ್ದು ನೂರಾ ಹನ್ನೆರಡು ಕಿಲೋಮೀಟರು.
ಹತ್ತು ತಿಂಗಳ ಆ ಹನ್ನೆರಡು, ಹನ್ನೆರಡು, ಹನ್ನೆರಡು
ಯಾವ ವಹಿಯಲ್ಲೂ ಇಲ್ಲ.
ಅಲ್ಲಿಯೂ ಡೀಸೆಲ್ ಉರಿದಿತ್ತು,
ಅಲ್ಲಿಯೂ ನಾನು ಕೆನ್ನೆಗೆ ಹೊಡೆದುಕೊಂಡು ಎಚ್ಚರಿದ್ದೆ.
ಡೀಸೆಲ್ ಲೆಕ್ಕ ಯಾಕೆ ಕೂಡುವುದಿಲ್ಲ ಎಂದು
ಮಂಕಾಳಿ ಪೆನ್ನು ಕಚ್ಚಿ ಕೂತ ರಾತ್ರಿ
ಬೈದದ್ದು ಅವಳ ಕೂಡುವಿಕೆಯನ್ನು.

ಹಿಂದಿನ ಆಕ್ಸಲ್ ಬಿಚ್ಚಿದರು.
ಬಾಣಲೆಗೆ ಕರಿ ಎಣ್ಣೆ ನಿಧಾನ ಇಳಿಯಿತು,
ಪಟಾಕಿ ಸುಟ್ಟ ಮರುದಿನದ ವಾಸನೆ.
ಜುಜೆಯ ಮಗಳು ರೊಜಾರಿ ಕ್ರೌನನ್ನು ಮಡಿಲಲ್ಲಿಟ್ಟು
ಬೆರಳಲ್ಲಿ ಹಲ್ಲೆಣಿಸಿದಳು: ಮೂವತ್ತೇಳು.
ಹೊಸದಕ್ಕೆ ನಲವತ್ತೊಂದು.
ಪಿನಿಯನ್ನಿಗೆ ಅಂದೂ ಒಂಬತ್ತು, ಇಂದೂ ಒಂಬತ್ತು.
“ಬರೀ ನಾಲ್ಕು ಹಲ್ಲಾ?”
“ಬರೀ ನಾಲ್ಕು. ಟೈರಿನ ರೇಟಿನ ಎರಡು ಪಟ್ಟು.”

ನೀಲಿ ಬಣ್ಣ ಬಳಿದು, ತಿರುಗಿಸಿ, ಬಗ್ಗಿ ನೋಡಿದಳು
ಹಲ್ಲು ಹಲ್ಲನ್ನು ಎಲ್ಲಿ ಮುಟ್ಟುತ್ತದೆಂದು.
ತುದಿಯಲ್ಲಿ ಕೂಡದು, ಬುಡದಲ್ಲಿ ಕೂಡದು.
ನಡುವೆ ಕೂದಲೆಳೆಯ ಸಂದೂ ಬೇಕು.
“ಬಿಗಿಯಾದ್ರೆ ಸುಡ್ತದೆ, ಸಡಿಲಾದ್ರೆ ಅಳ್ತದೆ.”
ಮೂರು ಸಲ ಬಿಚ್ಚಿದಳು. ನನ್ನ ಮೂರು ಚಾ ಆರಿತು.

ಮರುರಾತ್ರಿ, ಅದೇ ನಲವತ್ತು ಬುಟ್ಟಿ.
ಘಟ್ಟದ ಮೊದಲ ತಿರುವಿಗೆ ಕೈ
ಅಭ್ಯಾಸದಿಂದ ಎರಡಕ್ಕೆ ಹೋಗಿ
ಅಲ್ಲೇ ನಿಂತಿತು. ಗಾಡಿ ಕೇಳಲಿಲ್ಲ.
ಮೂರರಲ್ಲೇ ಗುನುಗುತ್ತಾ ಏರಿತು.
ಕಿಲೋಮೀಟರು ಕಲ್ಲು ಬಂದಾಗ ಮೀಟರಿನ ಅಂಕಿಯೂ ಉರುಳಿತು;
ಅದು ಮತ್ತೆ ನಿಜ ಹೇಳುತ್ತಿತ್ತು.
ಹುಲ್ಲಿನ ಟೆಂಪೊ ಸಿಕ್ಕಿತು.
ಹಾರ್ನು ಹೊಡೆಯದೆ ದಾಟಿದೆ,
ಆ ಹುಡುಗ ಬಾಯಿ ತೆರೆದು ಮಲಗಿದ್ದ.

ಎರಡು ಬೆರಳು ಎತ್ತರ ಮಾತ್ರ ಹಾಗೇ ಉಳಿದಿದೆ.
ಬೆಳಿಗ್ಗೆ ಬಂದರಿನಲ್ಲಿ ಮಂಕಾಳಿ
ಎಲ್ಲಿಂದಲೋ ಒಂದು ಕೆಂಪು ಚಿರೆಕಲ್ಲು ತಂದು
ಚಕ್ರದ ಬಳಿ ಹಾಕಿ, ಹತ್ತಿ ನಿಂತು,
ಬುಟ್ಟಿ ಕೊಡು ಎಂದು ಕೈ ಚಾಚಿದಳು.